ನಮ್ಮತ್ತೆ ಎತ್ತಿದ ಕಾರ್ಡು

ಬೇರೆಯವರ ಮನೆಯಲ್ಲಿ ಹಾಲು ಉಕ್ಕಿದರೆ ಒಲೆ ಒರೆಸಿ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಉಕ್ಕಿದರೆ ಅದಕ್ಕೊಂದು ಕಾರ್ಡು, ಒಂದು ನಕ್ಷತ್ರ, ಜೊತೆಗೆ ನಮ್ಮತ್ತೆಯ ವ್ಯಾಖ್ಯಾನ ಇದ್ದೇ ಇರುತ್ತದೆ. ಹಾಗಾಗಿ ನಗುವುದಕ್ಕೆ ಅಂತ ನಾವು ಟೀವಿ ಹಾಕಿದ್ದು ಕಡಿಮೆ.

ನಾನು ಹಾಸನದಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆ. ಜಂಬ ಅಂತ ಬೇಕಾದರೆ ಅಂದುಕೊಳ್ಳಿ, ಊರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ನನ್ನ ಹತ್ತಿರ ಕಲಿತವಳೊಬ್ಬಳು ಪಕ್ಕದ ಕಾರಿನಿಂದ ಕೈ ಬೀಸುತ್ತಾಳೆ. ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆ. ದೇವರು ನನಗೆ ಕೊಡದೆ ತನ್ನ ಹತ್ತಿರವೇ ಇಟ್ಟುಕೊಂಡದ್ದೂ ಅದನ್ನೇ. ಅದಕ್ಕೇ ದಿನಾ ಬೆಳಿಗ್ಗೆ ಭವಿಷ್ಯ ನೋಡುವ ಚಿತ್ರದ ಟ್ಯಾರೋ ಕಟ್ಟಿನಿಂದ ಒಂದು ಕಾರ್ಡು ಎತ್ತಿ, ಪೇಪರಿನಲ್ಲಿ ನನ್ನ ರಾಶಿ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಮುಂದೇನಾಗುತ್ತದೆ ಅಂತ ತಿಳಿಯುವುದಕ್ಕಲ್ಲ, ಇವತ್ತು ಯಾರ ಮೇಲೆ ಹಾರಿ ಬೀಳಬಹುದು ಅಂತ ನನ್ನನ್ನೇ ಮೊದಲು ವಿಚಾರಿಸಿಕೊಳ್ಳುವುದಕ್ಕೆ.

೧. ಸಿಂಹದ ತಿಂಗಳು

ರಾತ್ರಿ ಮಲಗುವ ಮುಂಚೆ ಕಾರ್ಡು ಕಲೆಸಿ ದೇವರ ಗೂಡಿನ ಪಕ್ಕ ಇಟ್ಟು, ಬೆಳಿಗ್ಗೆ ಸ್ನಾನ ಮಾಡಿ ಮೇಲಿನದನ್ನು ಎತ್ತುವುದು ನನ್ನ ಪದ್ಧತಿ. ಕಳೆದ ವರ್ಷ ಒಂದು ದಿನ ‘ಶಕ್ತಿ’ ಬಂತು. ಹೆಂಗಸೊಬ್ಬಳು ಸಿಂಹದ ಬಾಯಿಗೆ ಕೈ ಹಾಕಿ ಆರಾಮಾಗಿ ನಿಂತಿರುವ ಚಿತ್ರ. ಮಾರನೆಯ ದಿನವೂ ಅದೇ ಬಂತು. ಆ ವಾರವೆಲ್ಲ ಅದೇ, ತಿಂಗಳು ಪೂರ್ತಿ ಅದೇ.

ನಾನು ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದೆ. ಬೂವನಹಳ್ಳಿ ಹತ್ತಿರ ಅಡ್ಡ ನುಗ್ಗಿದ ಲಾರಿಯವನನ್ನು ಕೆಳಗಿಳಿಸಿ, ದನಿ ಏರಿಸದೆ ಬುದ್ಧಿ ಹೇಳಿದೆ. ಅವನು ಸಾರಿ ಅಕ್ಕ ಅಂದ. ಕ್ಲಚ್ ಅಂದರೆ ಬ್ರೇಕ್ ಒತ್ತುವವರನ್ನೂ ಮುಗುಳ್ನಗೆಯಿಂದಲೇ ತಿದ್ದಿದೆ. ಮನೆಯಲ್ಲಿ ನನ್ನ ಗಂಡ, ಮೈಗೆ ಹುಷಾರಿದೆ ತಾನೆ ಅಂತ ಕೇಳಿದರು.

ಒಂದು ದಿನ ಬೇಗ ಎದ್ದು ಬಂದು ನೋಡುತ್ತೇನೆ, ಅತ್ತೆ ಪೂಜೆಗೆ ಮುಂಚೆ ನನ್ನ ಕಾರ್ಡುಗಳನ್ನು ಒಂದೊಂದಾಗಿ ತಿರುವುತ್ತಾ ಕೂತಿದ್ದಾರೆ. ಸಿಂಹದ ಹೆಂಗಸು ಸಿಕ್ಕ ಕೂಡಲೇ ಕಣ್ಣಿಗೊತ್ತಿಕೊಂಡು, ಎಲ್ಲಕ್ಕಿಂತ ಮೇಲಿಟ್ಟರು. ಇದೇನತ್ತೆ ಅಂದೆ.

“ಸಿಂಹ ಇಟ್ಕಂಡಿರೋಳು ಅಮ್ಮನೋರಲ್ದೆ ಇನ್ಯಾರವ್ವ? ದಿನಾ ಕಂಡೋರ ಕೆಳೀಕೆ ಮಲಗ್ಸಿರ್ತೀಯ. ಸರೀನಾ?”

ಅವತ್ತು ಆಗಲೇ ಹೊಸದಾಗಿ ಕಲೆಸಿ ಎತ್ತಿದೆ. ಬಂಡೆಯ ತುದಿಯಲ್ಲಿ ಆಕಾಶ ನೋಡಿಕೊಂಡು ನಡೆಯುವ ‘ಪೆದ್ದ’ ಬಂದ. ಆ ತಿಂಗಳ ಮಟ್ಟಿಗೆ ನಾನು ಎತ್ತಿದ ನಿಜವಾದ ಕಾರ್ಡು ಅದೊಂದೇ.

೨. ಎಂಟರಲ್ಲಿ ಅರ್ಧ

ಅರಕಲಗೂಡಿನಿಂದ ಒಬ್ಬರು ಟೀಚರ್ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದರು. ಸಾಡೇಸಾತಿ ನಡೆಯುತ್ತಿದೆ ಅಂತ ಯಾರೋ ಹೇಳಿದ್ದರಿಂದ ದಿನಾ ನವಗ್ರಹ ಸುತ್ತಿಯೇ ಬಸ್ಸು ಹತ್ತುವುದು. ಕಾರು ಮಾತ್ರ ಚೆನ್ನಾಗಿ ಓಡಿಸುತ್ತಿದ್ದರು.

ಲೈಸೆನ್ಸ್ ಟೆಸ್ಟಿನಲ್ಲಿ ಇಂಗ್ಲಿಷ್ ಎಂಟರ ಆಕಾರದ ದಾರಿಯಲ್ಲಿ ಗೆರೆ ಮುಟ್ಟದಂತೆ ಓಡಿಸಬೇಕು. ಒಂದು ಸುತ್ತು ಬಲಕ್ಕೆ, ಇನ್ನೊಂದು ಎಡಕ್ಕೆ. ಅಭ್ಯಾಸದ ದಿನ ಟೀಚರ್ ಬಲಸುತ್ತನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಸಿದರು. ನಡುವೆ ಬಂದು ನಿಂತೇಬಿಟ್ಟರು.

“ಆ ಕಡೆ ಸುತ್ತಿದ್ರೆ ಅಪ್ರದಕ್ಷಿಣೆ ಆಯ್ತದೆ ಮೇಡಂ. ಶನಿ ಇರೋವಾಗ ನನ್ ಕೈಲಾಗಾಕಿಲ್ಲ.”

ಬೆಳಿಗ್ಗೆ ಬಂದ ಕಾರ್ಡು ‘ಸಂಯಮ’. ಹಲ್ಲು ಕಚ್ಚಿಕೊಂಡು ಯೋಚಿಸಿದೆ. ಪ್ರದಕ್ಷಿಣೆ ಅಂದರೆ ದೇವರು ನಮ್ಮ ಬಲಗೈ ಕಡೆಗಿರಬೇಕು, ಅಷ್ಟೇ ತಾನೆ ಅಂತ ಕೇಳಿದೆ. ಹೌದು ಅಂದರು. ಎಡಸುತ್ತಿನಲ್ಲಿ ಸುತ್ತಿನ ಒಳಗಿರುವುದು ಬರೀ ಹುಲ್ಲು. ಟೆಸ್ಟಿನ ದಿನ ಹೊರಗೆ ಕುರ್ಚಿಯ ಮೇಲೆ ಕೂರುವ ಇನ್ಸ್‌ಪೆಕ್ಟರು ನಿಮ್ಮ ಬಲಗೈಗೇ ಬರುತ್ತಾರೆ, ಅವತ್ತಿನ ಮಟ್ಟಿಗೆ ಅವರನ್ನೇ ದೇವರು ಅಂದುಕೊಳ್ಳಿ ಅಂದೆ. ಅವರ ಮುಖ ಅರಳಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಟೆಸ್ಟಿನ ದಿನ ಬಲಸುತ್ತು ಮುಗಿಯಿತು, ಎಡಸುತ್ತು ಶುರುವಾಯಿತು. ಇನ್ಸ್‌ಪೆಕ್ಟರು ಬಲಗಡೆ ಕಾಣಿಸಿದ್ದೇ ತಡ, ಟೀಚರ್ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ಭಕ್ತಿಯಿಂದ ಮುಗಿದರು. ಕಾರು ಗೆರೆ ದಾಟಿ ಹುಲ್ಲಿಗೆ ಇಳಿಯಿತು. ಇನ್ಸ್‌ಪೆಕ್ಟರೂ ದೊಡ್ಡ ಮನಸ್ಸಿನವರು. ಎದ್ದು ನಿಂತು, ಅಷ್ಟೇ ಭಕ್ತಿಯಿಂದ ಕೈ ಮುಗಿದು ಫೇಲು ಮಾಡಿದರು.

೩. ಮಾರುವುದಕ್ಕೆ ಒಳ್ಳೆಯ ದಿನ

ಮಾವ ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲೇ ನಿಂತಿತ್ತು. ಆ ಕಾರಿನಲ್ಲಿ ಅತ್ತೆ ಯಾವತ್ತೂ ಹಿಂದಿನ ಸೀಟಿನವರು. ಮುಂದಿನದು ಮಾವನ ಸ್ನೇಹಿತರಿಗೆ ಮೀಸಲು. ತವರು ಹೊಳೆನರಸೀಪುರಕ್ಕೆ ಹೋಗಬೇಕೆಂದರೆ ಆಗ ಮಾವನಿಗೆ ಬಿಡುವಾಗಬೇಕಿತ್ತು, ಈಗ ಮಗನಿಗೋ ನನಗೋ. ಸುಮ್ಮನೆ ನಿಂತಿರುವ ಕಾರು ಯಾಕೆ, ಮಾರಿಬಿಡೋಣ ಅಂತ ನನ್ನ ಗಂಡ ಹೊರಟಾಗ, ಅರವತ್ತು ದಾಟಿದ ಅತ್ತೆ ನಾನೇ ಓಡಿಸುತ್ತೇನೆ ಅಂದರು. ನಾನು ಕಲಿಸಿದೆ. ಮೊದಲ ಟೆಸ್ಟಿನಲ್ಲಿ ದಿಬ್ಬದ ಮಧ್ಯೆ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರಿ ಫೇಲಾದರು. ಇನ್ನೊಂದು ಸಲ ನೋಡೋಣ, ಪಾಸಾದರೆ ಕಾರು ನಿನ್ನದು, ಇಲ್ಲದಿದ್ದರೆ ಮಾರುವುದೇ ಅಂತ ಮಗ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು.

ಹೇಳಿ ಸುಮ್ಮನಿರದೆ ಗಿರಾಕಿಯನ್ನೂ ಹುಡುಕಿದರು. ಭಾನುವಾರ ಸಂಜೆ ಚನ್ನರಾಯಪಟ್ಟಣದಿಂದ ಆತ ಕಾರು ನೋಡಲು ಬಂದರು. ಮೆಚ್ಚಿದರು. ಅತ್ತೆ ಕಾಫಿ ಕೊಟ್ಟು, ಈಗ ರಾಹುಕಾಲ ಅಂದರು. ಆತ ಕೂತು ಕಾದರು. ರಾಹುಕಾಲ ಮುಗಿಯುವಷ್ಟರಲ್ಲಿ ಅತ್ತೆ ದೀಪ ಹಚ್ಚಿದ್ದರು. ದೀಪ ಹಚ್ಚಿದ ಮನೆಯಿಂದ ಏನೂ ಹೊರಗೆ ಕೊಡುವ ಹಾಗಿಲ್ಲ. ಮಂಗಳವಾರ ಬರಲಾ ಅಂದರೆ, ಮಂಗಳವಾರ ಇಬ್ಬರಿಗೂ ಆಗಿಬರುವುದಿಲ್ಲ. ಶುಕ್ರವಾರ ಲಕ್ಷ್ಮಿಯ ದಿನ. ಶನಿವಾರ ಕಬ್ಬಿಣ ಮನೆಗೆ ತರಬಾರದು. ಆಮೇಲೆ ಅಮಾವಾಸ್ಯೆ, ಅದು ಕಳೆದರೆ ಆಷಾಢ. ಆ ಪುಣ್ಯಾತ್ಮರಿಗೆ ಒಂದೊಂದೂ ಸರಿ ಅನ್ನಿಸಿತು. ಎಚ್ಚರಿಸಿದ್ದಕ್ಕೆ ಅತ್ತೆಯ ಕಾಲಿಗೆ ಬಿದ್ದು ಬಸ್ಸು ಹತ್ತಿದರು.

ಹಾಗಾದರೆ ಕಾರು ಮಾರುವುದಕ್ಕೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಇಲ್ಲವೇನವ್ವ ಅಂತ ನನ್ನ ಗಂಡ ಕೇಳಿದರು.

“ಇತ್ತು ಕಣಪ್ಪ. ನಾನು ಫೇಲಾದ್ನಲ್ಲ, ಅದರ ಮಾರ್ನೆ ದಿನ ಬಲು ಚೆಂದಾಗಿತ್ತು. ನೀನು ನೋಡ್ಕಳ್ನಿಲ್ಲ, ಓಗ್ಬುಡ್ತು.”

೪. ಗೋಪುರ

ಎರಡನೇ ಟೆಸ್ಟಿನ ಬೆಳಿಗ್ಗೆ ಅತ್ತೆ, ಇವತ್ತು ನಾನು ಎತ್ತುತ್ತೇನೆ ಅಂದರು. ಅಲ್ಲಿಯವರೆಗೆ ತಮಗೆ ಅಂತ ಒಂದು ಕಾರ್ಡನ್ನೂ ಎತ್ತಿದವರಲ್ಲ. ಎತ್ತಿದ್ದು ‘ಗೋಪುರ’. ಸಿಡಿಲು ಬಡಿದು ಬಿರಿದ ಗೋಪುರದಿಂದ ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಇಡೀ ಕಟ್ಟಿನಲ್ಲಿ ಅವತ್ತು ಬರಬಾರದಿದ್ದ ಕಾರ್ಡು ಅದು. ನಾನು ಮುಚ್ಚಿಡಲು ಹೋದೆ, ಅವರು ಕನ್ನಡಕ ಹಾಕಿಕೊಂಡೇ ನೋಡಿದರು. ಅವರ ಮುಖ ಸಣ್ಣಗಾಯಿತು.

“ಇದು ಬಂದ ದಿನ ನೀನು ಏನಂತ ಕೇಳ್ಕತೀಯ?” ಅಂದರು.

ಇವತ್ತು ಯಾವ ಜಂಬ ಬಿದ್ದರೆ ಒಳ್ಳೆಯದು ಅಂತ ಕೇಳಿಕೊಳ್ಳುತ್ತೇನೆ ಅಂದೆ. ಹೂಂ ಅಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು.

ಎಂಟು ಸಲೀಸಾಗಿ ಆಯಿತು. ರಿವರ್ಸೂ ಆಯಿತು. ಉಳಿದದ್ದು ದಿಬ್ಬ ಒಂದೇ. ಇನ್ಸ್‌ಪೆಕ್ಟರು ಕಿಟಕಿಯ ಹತ್ತಿರ ಬಂದು, ಈ ವಯಸ್ಸಿನಲ್ಲಿ ಎಷ್ಟು ಚೆನ್ನಾಗಿ ಓಡಿಸ್ತೀರಮ್ಮ, ಯಾರು ಕಲಿಸಿದ್ದು ಅಂದರು. ಬೇಲಿಯ ಈಚೆ ನನ್ನ ಜೊತೆ ಹಳೆಯ, ಹೊಸ ವಿದ್ಯಾರ್ಥಿನಿಯರೆಲ್ಲ ನಿಂತಿದ್ದರು. ನಾನು ಕೂದಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

ಅತ್ತೆ ಬೇಲಿಯವರೆಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: “ಯಾರೂ ಇಲ್ಲ ಸಾ. ಹಿಂದ್ಲು ಸೀಟಲ್ಲಿ ಕೂತ್ಕಂಡು ನಮ್ ಯಜಮಾನ್ರ ನೋಡ್ಕಂಡೇ ಕಲ್ತಿದ್ದು. ಅಗೋ ಅವ್ಳು ನಮ್ ಸೊಸೆ, ಪಕ್ಕದಲ್ಲಿ ಸುಮ್ಕೆ ಕೂತಿರ್ತಿದ್ಲು.”

ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ನಾನು ದಿಬ್ಬ ನೋಡಿದೆ. ಕಾರು ದಿಬ್ಬದ ಮಧ್ಯೆ ನಿಂತಿತು, ಒಂದು ಕೂದಲೆಳೆಯಷ್ಟೂ ಹಿಂದೆ ಜಾರಲಿಲ್ಲ, ಮೆಲ್ಲಗೆ ಏರಿ ಆಚೆ ಇಳಿಯಿತು. ಪಾಸು. ಸಿಟ್ಟು ಬಂದಿದ್ದರೂ ಕಣ್ಣು ತುಂಬಿತು. ಇಷ್ಟು ಜನಕ್ಕೆ ಕಲಿಸಿದ್ದೇನೆ, ಯಾರ ಕಾರು ದಿಬ್ಬ ಹತ್ತಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಲೈಸೆನ್ಸ್ ಕೈಗೆ ಬಂದ ದಿನವೇ ಮಾವನ ಕಾರು ಹೊಳೆನರಸೀಪುರಕ್ಕೆ ಹೊರಟಿತು. ಸ್ಟಿಯರಿಂಗ್‌ನಲ್ಲಿ ಅತ್ತೆ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ನನ್ನ ಗಂಡ. ಮೊಸಳೆ ಅನ್ನುವ ಊರು ದಾಟುವವರೆಗೂ ಬಿಗುಮಾನದಿಂದ ಕೂತಿದ್ದೆ. ಆಮೇಲೆ ತಡೆಯಲಾಗದೆ, ಅಷ್ಟು ಜನರ ಮುಂದೆ ಯಾಕತ್ತೆ ಹಾಗಂದಿರಿ ಅಂತ ಕೇಳಿಯೇಬಿಟ್ಟೆ.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ ಗೇರ್ ಬದಲಾಯಿಸಿದರು.

“ಗೋಪುರ ಬಂದಿತ್ತಲ್ಲವ್ವ. ದಿಬ್ಬ ಅತ್ತೋಕ್ ಮುಂಚೆ ಯಾರ್ದಾರ ಒಬ್ರ ಜಂಬ ಬೀಳ್ಲೇಬೇಕಿತ್ತು. ನನ್ತಾವ ಇದ್ದುದ್ದೇ ಒಂಚೂರು, ಅದೂ ಬಿದ್ರೆ ಕಾರು ಓಯ್ತಿತ್ತು. ನಿನ್ತಾವ ಬೇಕಾದಂಗೆ ಐತೆ, ಒಂದ್ ಬಿದ್ರೂ ಗೊತ್ತಾಗಾಕಿಲ್ಲ ಅಂತ ನಿನ್ ಕಡೀಕೆ ದಾಟಿಸ್ಬುಟ್ಟೆ.”