ಐತವಾರದ ಟ್ಯಾಂಕು, ನನ್ನ ರಿಪೇರಿ

ಉಮರ್ಗಾದಲ್ಲಿ ನನ್ನದು ನೀರಿನ ಮೋಟರು ರಿವೈಂಡಿಂಗ್ ಮಾಡುವ ಅಂಗಡಿ. ಆದರೂ ಯಾರ ಮನೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಫೋನು ನನಗೇ ಬರುತ್ತದೆ. ವೈರು ಇರುವುದೆಲ್ಲ ಒಂದೇ ಜಾತಿ ಎಂದು ನಮ್ಮ ಕಡೆಯವರ ತಿಳುವಳಿಕೆ. ಹೀಗಾಗಿ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ, ಬಿಡುವುದೂ ಬೇಡ.

ಲಾತೂರಿನ ಐ.ಟಿ.ಐ.ಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಮೂವರು ನಾವು. ಒಬ್ಬ ಉದಗೀರಿನಲ್ಲಿ ಕಾಳಿನ ವ್ಯಾಪಾರಿ. ಇನ್ನೊಬ್ಬ ನಿಲಂಗಾದ ರೈತ. ಈ ನಿಲಂಗಾದವನು ಮೋಟರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ನಾಲ್ಕು ತಿಂಗಳಿಗೆ ಎಲುಬು ಕೂಡಿತು, ಡಾಕ್ಟರು ನಡೆ ಎಂದರು, ಇವನು ಮಾತ್ರ ಕಾಲು ನೆಲಕ್ಕೆ ಊರಲಿಲ್ಲ. "ಮತ್ತ ಮುರದರ?" ಎಂದು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ. ಮಾತೂ ಕಡಿಮೆಯಾಯಿತು. ಐತವಾರ ಮಧ್ಯಾಹ್ನ ನಾವು ಮೂವರೂ ಅವರವರ ಮನೆಯ ಕಂಪ್ಯೂಟರಿನಲ್ಲಿ ಕೂಡಿ ಟ್ಯಾಂಕ್ ಯುದ್ಧ ಆಡುವಾಗ ಮಾತ್ರ ಹಳೆಯ ಮನುಷ್ಯನಾಗುತ್ತಿದ್ದ.

ಅವನ ತಾಯಿ ಫೋನು ಮಾಡಿ, "ತಮ್ಮಾ, ಅದೊಂದು ಆಟ ನಿಲ್ಲಸಬ್ಯಾಡ್ರಿ. ಆಗಷ್ಟೇ ಅಂವಾ ನಗತಾನ" ಎಂದರು. ಅಂದಿನಿಂದ ಕನೆಕ್ಷನ್ ಕಾಯುವುದು ನನ್ನ ಪಾಲಿಗೆ ಬಂತು.

೧. ಟವೆಲ್ಲಿನ ಕೆಳಗೆ

ಇಂಟರ್ನೆಟ್ಟಿನಲ್ಲಿ ಆಟದ ಕೋಣೆ ತೆರೆಯುವವನು ಉದಗೀರಿನವನು. ಒಂದು ಐತವಾರ ಅದಕ್ಕೆ ನಾಲ್ಕು ಅಂಕಿಯ ಪಾಸ್‌ವರ್ಡ್ ಹಾಕಿಬಿಟ್ಟ. ನಾವಿಬ್ಬರೂ ಹೊರಗೇ ಉಳಿದೆವು. ನಾನು ಕೇಬಲ್ ತೆಗೆದು ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಕೊನೆಗೆ ಫೋನು ಮಾಡಿದೆ.

"ಪಾಸ್‌ವರ್ಡ್ ಹೇಳೋ."

"ಎದುರಿಗೆ ಮಂದಿ ಕುಂತಾರ," ಎಂದು ಪಿಸುಗುಟ್ಟಿದ. ಅವನ ಮನೆ, ಅಂಗಡಿ ಎರಡೂ ಒಂದೇ.

"ಆ ಮಂದಿ ಏನ್ ಟ್ಯಾಂಕ್ ಹೊಡ್ಯಾಕ ಬರ್ತಾರೇನು?"

"ಹಂಗಲ್ಲೋ. ನಮ್ಮ ಅಜ್ಜನ ಕಾಲದಿಂದ ಈ ಗಾದಿ ಮ್ಯಾಲ ಕುಂತು ಯಾರೂ ಅಂಕಿ ಬಾಯಿಲೆ ಹೇಳಿಲ್ಲ."

ನಿಜವೇ. ಅವರಲ್ಲಿ ಕಾಳಿನ ಭಾವವನ್ನು, ಅಂದರೆ ದರವನ್ನು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುವ ರೂಢಿ. ಹಾಗಾದರೆ ವಿಡಿಯೋದಲ್ಲಿ ಬೆರಳು ತೋರಿಸು ಎಂದೆ. ನಾವು ಮೂವರೂ ವಿಡಿಯೋದಲ್ಲಿ ಕೂಡಿದೆವು. ಪುಣ್ಯಾತ್ಮ ಕೈ ಎತ್ತಿದ, ಹೆಗಲ ಮೇಲಿನ ಟವೆಲ್ ತೆಗೆದು ಅದರ ಮೇಲೆ ಹೊದಿಸಿದ, ಆಮೇಲೆ ಒಳಗೆ ಬೆರಳು ಆಡಿಸತೊಡಗಿದ. ನಮಗೆ ಕಂಡದ್ದು ಅಲುಗಾಡುವ ಟವೆಲ್ಲು.

"ತಿಳೀತಿಲ್ಲೋ?" ಎಂದು ಕೇಳಿದ.

ನಿಲಂಗಾದವನು ಮಲಗಿದಲ್ಲಿಂದಲೇ ಕೂಗಿದ: "ಇನ್ನೊಂದು ಅಂಕಿ ಇಳಿಸಪಾ, ಸೌದಾ ಮುಗಿಸೋಣು!"

೨. ದಬರಿ

ಮುಂದಿನ ವಾರ ತಪ್ಪು ನನ್ನ ಮನೆಯಲ್ಲೇ. ನನ್ನ ಟ್ಯಾಂಕು ಒಂದು ಹೆಜ್ಜೆ ಇಟ್ಟು ಧ್ಯಾನಕ್ಕೆ ಕೂರುತ್ತಿತ್ತು. ಇಂಟರ್ನೆಟ್ ಕಂಪನಿಯ ಮನುಷ್ಯನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ ವೈರು ಹಿಡಿದುಕೊಂಡು ಒಳಮನೆಗೆ ಹೋಗಿ, ಅಲ್ಲಿಂದಲೇ ನನ್ನನ್ನು ಕರೆದ. ರೂಟರಿನ ಮೇಲೆ ನಮ್ಮವ್ವ ಹಾಲಿನ ಸ್ಟೀಲ್ ದಬರಿ ಬೋರಲು ಹಾಕಿದ್ದಳು.

"ಯವ್ವಾ, ಇದ್ಯಾಕ ಮುಚ್ಚೀದಿ?"

"ನೆಟ್ ಖಾಲಿ ಆಗ್ತದ ಅಂತ ದಿನಾ ನೀನೇ ಒದರ್ತಿ. ಆ ಹುಡುಗನ ಆಟಕ್ಕ ಕಮ್ಮಿ ಬೀಳಬಾರದು ಅಂತ ಶನಿವಾರದಿಂದ ಮುಚ್ಚಿ ಇಟ್ಟೀನಿ."

ಬೈಯುವುದು ಹೇಗೆ? ಅವಳ ಜೀವವೂ ಆ ಮುರಿದ ಕಾಲಿನ ಹತ್ತಿರವೇ ಇತ್ತು. ನಾನು ದಬರಿ ಎತ್ತಿದ ಕೂಡಲೇ ಆಟ ಓಡತೊಡಗಿತು. ಅವ್ವ ಹೆಮ್ಮೆಯಿಂದ ಕಂಪನಿಯವನಿಗೆ ಹೇಳಿದಳು: "ನೋಡಪಾ, ಕೂಡಿಟ್ಟದ್ದಕ್ಕ ಹೆಂಗ ಜೋರ್ ಬಂತು!"

೩. ನಿಲಂಗಾದ ಫಾಲ್ಟು

ಉದಗೀರಿನವನು ಗೆಳೆಯನಿಗೆ ಖುಷಿಯಾಗಲಿ ಎಂದು ದೊಡ್ಡದೊಂದು ಸೌಂಡ್ ಬಾಕ್ಸ್ ಕಳಿಸಿಕೊಟ್ಟ. ಅಂದಿನಿಂದ ಹೊಸ ಪೀಡೆ ಶುರುವಾಯಿತು. ನಿಲಂಗಾದವನ ಟ್ಯಾಂಕಿಗೆ ಗುಂಡು ಬಿದ್ದು ಢಂ ಎಂದರೆ ಸಾಕು, ಅವನು ಆಟದಿಂದ ಮಾಯ. ಹತ್ತು ನಿಮಿಷದ ಮೇಲೆ ಫೋನಿನಲ್ಲಿ, "ಕರೆಂಟ್ ಹೋಗಿತ್ತು" ಎನ್ನುತ್ತಿದ್ದ, ಅದೂ ಮುಖ ತಪ್ಪಿಸುವ ದನಿಯಲ್ಲಿ. ಎರಡು ವಾರ ಹೀಗೇ ಆಯಿತು. ಬೇಸತ್ತು, "ಆಟ ಸಾಕು ಬಿಡ್ರೋ" ಎಂದ. ಅವನ ತಾಯಿಯ ಮಾತು ನೆನಪಾಯಿತು. ಮರುವಾರ ಪಕ್ಕಡ, ಸ್ಕ್ರೂ ಡ್ರೈವರ್ ತುಂಬಿದ ರಿಪೇರಿ ಹತ್ಯಾರದ ಚೀಲ ಹೆಗಲಿಗೆ ಹಾಕಿಕೊಂಡು ನಿಲಂಗಾದ ಬಸ್ಸು ಹತ್ತಿದೆ.

ಅವನ ಮಂಚದ ಬದಿಗೆ ಕುಳಿತು ಆಟ ಹಚ್ಚಿಸಿದೆ. ಆ ಕಡೆ ಉದಗೀರಿನವನು ಗುಂಡು ಹೊಡೆದ. ಢಂ! ಮರುಕ್ಷಣ ಪಕ್ಕದ ಕೋಣೆಯಲ್ಲಿ ಭಾಂಡೆಗಳು ದಡಬಡ ಉರುಳಿದವು. "ಭೂಕಂಪ! ಚಲಾ ಬಾಹೇರ! ಹೊರಗ ನಡೀರಿ!" ಎಂದು ಅವನ ತಂದೆ ಕೂಗಿದರು. ತಾಯಿ ಮೇನ್ ಸ್ವಿಚ್ ಎಳೆದರು. ಫ್ಯಾನು, ಕಂಪ್ಯೂಟರ್ ಎಲ್ಲ ಆರಿದವು. ಅಂಗಳಕ್ಕೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ.

"ಅಂವಾ ಎಲ್ಲಿ?" ಎಂದು ತಂದೆ ಕೇಳಿದರು.

"ನೀವು ಎತ್ಕೊಂಡು ಬರಲಿಲ್ಲೇನ್ರಿ ಕಾಕಾ?"

"ನೀ ಬಾಜೂಕ ಕುಂತಿದ್ದಿ, ನೀ ತರ್ತಿ ಅಂತ ನಾ ಬಂದೆ!"

ಇಬ್ಬರೂ ಒಳಕ್ಕೆ ಓಡಬೇಕು, ಅಷ್ಟರಲ್ಲಿ ಹಿಂದಿನಿಂದ ಬೈಗುಳ ಕೇಳಿತು. "ಗೆಳೆಯಾ ಅಂತ ಗೆಳೆಯಾ! ಪಕ್ಕಡ ಇದ್ದ ಚೀಲ ಹೊತ್ಗೊಂಡು ಓಡ್ಯಾನ, ನನ್ನ ಅಲ್ಲೇ ಬಿಟ್ಟಾನ!"

ಹಿತ್ತಲ ಬಾಗಿಲಿನಿಂದ ಸುತ್ತಿಕೊಂಡು ಬಂದು, ನಮ್ಮ ನಿಲಂಗಾದವನು ಎರಡೂ ಕಾಲಿನ ಮೇಲೆ ನಿಂತು ನನ್ನನ್ನು ಬೈಯುತ್ತಿದ್ದ. ಕೈಯಲ್ಲಿ ಕಿತ್ತು ಬಂದ ಮೌಸು. ಬೈದು ಮುಗಿದ ಮೇಲೆಯೇ ಅವನು ತನ್ನ ಕಾಲು ನೋಡಿಕೊಂಡದ್ದು. ತಾಯಿ ಅಲ್ಲೇ ಕುಳಿತು ಅತ್ತರು. ನಾನೂ ಅತ್ತೆ.

ಆಮೇಲೆ ಒಳಗೆ ಹೋಗಿ ನೋಡಿದರೆ ಸ್ಟೀಲ್ ಗ್ಲಾಸುಗಳು ನೆಲದ ತುಂಬ. ನಮ್ಮ ಲಾತೂರಿನ ಕಡೆ ದೊಡ್ಡ ಭೂಕಂಪವಾದ ವರ್ಷದಿಂದ ಅವನ ತಂದೆ ಗೋಡೆಯ ಹಲಗೆಯ ಮೇಲೆ ಒಂದರ ಮೇಲೊಂದು ಗ್ಲಾಸು ಪೇರಿಸಿ ಇಡುತ್ತಾರೆ. ಭೂಮಿ ಅಲುಗಿದರೆ ಮೊದಲು ಅವೇ ಬಿದ್ದು ಎಬ್ಬಿಸಬೇಕು. ಸೌಂಡ್ ಬಾಕ್ಸು ಅದೇ ಗೋಡೆಗೆ ಆಚೆ ಬದಿಯಿಂದ ಒರಗಿತ್ತು. ಎರಡು ವಾರವೂ ಮುದುಕ ತಂದೆ ತನ್ನನ್ನು ಬೆನ್ನ ಮೇಲೆ ಅಂಗಳಕ್ಕೆ ಹೊತ್ತು ತಂದದ್ದನ್ನು ಹೇಳಲು ನಾಚಿ, ನಮ್ಮವನು ತಪ್ಪನ್ನು ಕರೆಂಟಿನ ಮೇಲೆ ಹಾಕಿದ್ದ.

ಹೊರಡುವಾಗ ಅವನ ತಾಯಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ತಂದೆ ನನ್ನ ಎರಡೂ ಕೈ ಹಿಡಿದುಕೊಂಡು, ಕಣ್ಣು ತುಂಬಿ, ಮನಸಾರೆ ಹೇಳಿದರು: "ನಮ್ಮ ಮಗನ್ನ ಬಿಟ್ಟು ಓಡಿ ಭಾಳ ಉಪಕಾರ ಮಾಡಿದಿ ತಮ್ಮಾ!"