ಅತ್ತೆಯ ವಯಸ್ಸು ಮೈನಸ್ ಐದು

ನಮ್ಮ ಕಡೆ ವಯಸ್ಸನ್ನು ಯಾರೂ ಒಂದೇ ಅಂಕಿಯಲ್ಲಿ ಹೇಳುವುದಿಲ್ಲ. ಹಾಗೆ ಹೇಳಿದರೆ ದೃಷ್ಟಿ ತಾಗುತ್ತದೆಂದೋ, ಕೋರ್ಟಿನಲ್ಲಿ ಸಾಕ್ಷಿ ನುಡಿದಂತಾಗುತ್ತದೆಂದೋ ಅಂಜಿಕೆ ಇರಬೇಕು. ‘ಅಜ್ಜಾ, ವಯಸ್ಸೆಷ್ಟು?’ ಎಂದು ಕೇಳಿದರೆ ‘ಎಪ್ಪತ್ತು-ಎಪ್ಪತ್ತೈದು ಆಗಿರಬೇಕ ನೋಡ್ರಿ’ ಎನ್ನುತ್ತಾರೆ. ನಡುವೆ ಐದು ವರ್ಷ ಖಾಲಿ ಬಿಟ್ಟಿರುತ್ತಾರೆ, ಬೇಕಾದವರು ಬೇಕಾದಲ್ಲಿ ಕೂರಲಿ ಎಂದು. ಸರಕಾರಿ ನೌಕರಿಯವರಷ್ಟೇ ಇದಕ್ಕೆ ಹೊರತು. ನನ್ನ ಯಜಮಾನರನ್ನೇ ತಗೊಳ್ಳಿ. ಅವರ ತಾಯಿ ಅವರನ್ನು ಹೆತ್ತದ್ದು ಸೀಗಿ ಹುಣ್ಣಿಮೆಯ ಹಿಂದುಮುಂದು, ಸಾಲಿ ಮಾಸ್ತರರು ಹೆತ್ತದ್ದು ಜೂನ್ ಒಂದನೇ ತಾರೀಖು. ಪಗಾರ ಕೊಡುವವರು ನಂಬುವುದು ಮಾಸ್ತರರನ್ನೇ.

ನಾನೂ ಮಾಸ್ತರಿಕೆಯವಳೇ. ಎಂಬತ್ತರ ದಶಕದಲ್ಲಿ ಹುನಗುಂದದ ಕನ್ನಡ ಸಾಲೆಯಲ್ಲಿ ‘ಅಕ್ಕೋರು’ ಆಗಿದ್ದೆ. ಎದುರಿಗೆ ಕೂತವರು ಯಾರೇ ಆಗಲಿ, ನಾಲ್ಕನೆಯ ಇಯತ್ತೆಯ ಮಕ್ಕಳೆಂದೇ ತಿಳಿದು ಗದರಿಸುವುದು ನನ್ನ ರೂಢಿ. ಆಗಿನ ಬೇಸಿಗೆಯೊಂದರಲ್ಲಿ ಒಂದು ಧರ್ಮಸಂಸ್ಥೆಯವರು ಎರಡು ಪುಣ್ಯದ ಕೆಲಸ ಒಟ್ಟಿಗೇ ಹಚ್ಚಿಕೊಂಡರು. ಐದು ವರ್ಷದ ಒಳಗಿನ ಕೂಸುಗಳಿಗೆ ಪೋಲಿಯೋ ಹನಿ, ಐವತ್ತು ದಾಟಿದವರಿಗೆ ಇಳಕಲ್ಲಿನಲ್ಲಿ ಪುಕ್ಕಟೆ ಕಣ್ಣಿನ ಆಪರೇಷನ್. ಮನೆಮನೆಗೆ ಹೋಗಿ ಎಲ್ಲರ ಹೆಸರು, ವಯಸ್ಸು ಬರೆದು ತರುವ ಕೆಲಸ ಯಥಾಪ್ರಕಾರ ನಮ್ಮ ಕೊರಳಿಗೇ ಬಿತ್ತು. ಜನ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂಬುದು ನನ್ನ ಹಟ. ಹಾಗಾಗಿ ನಮ್ಮ ಓಣಿಯ ಹಿರಿಯರೆಲ್ಲರ ಮುಂದೆ 60-65, 70-75 ಎಂದು ದುಂಡಗೆ ಬರೆದೆ. ನಡುವಿನ ಅಡ್ಡಗೆರೆಯನ್ನೂ ಅಳತೆಪಟ್ಟಿ ಇಟ್ಟಂತೆ ನೇರವಾಗಿ ಎಳೆದಿದ್ದೆ.

ಆ ಶಿಬಿರ ನನಗೂ ಬೇಕಾಗಿತ್ತು. ನಮ್ಮ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಜ್ಜಿಗೆಯಾಗಿತ್ತು. ಒಮ್ಮೆ ಕಂಬಕ್ಕೆ ಒರಗಿಸಿಟ್ಟ ಚಾಪೆಯ ಸುರುಳಿಯನ್ನು ಬೀಗರೆಂದು ತಿಳಿದು, ‘ಬರ್ರಿ, ಕುಂದರ್ರಿ, ಯಾವಾಗ ಬಂದ್ರಿ? ಮನ್ಯಾಗ ಎಲ್ಲಾರೂ ಆರಾಮಲ್ಲ?’ ಎಂದು ಉಪಚಾರ ಮಾಡಿದರು. ಬೀಗರು ಮಾತಾಡದೆ ನಿಂತದ್ದಕ್ಕೆ, ‘ಭಾಳ ಸೊಕ್ಕು ಬಂದೈತಿ ಇವರಿಗೆ’ ಎಂದು ಒಳಗೆ ಬಂದು ನನ್ನ ಹತ್ತಿರ ದೂರಿದರು. ನಾವೆಲ್ಲ ನಕ್ಕೆವು. ಆದರೆ ಅದೇ ಸಂಜೆ ಅವರು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ‘ನಿಮ್ಮ ಮಾರೀನೂ ಮರ್ತ ಹೋಗಾಕತ್ತಾವ ಯವ್ವಾ. ನಮ್ಮವ್ವ ಹಿಂಗ ಕುರುಡಿ ಆಗೇ ಸತ್ಲು’ ಎಂದು ಅತ್ತಾಗ ನನಗೆ ಎದೆ ಒಡೆದಂತಾಯಿತು. ಕಣ್ಣಿನ ಡಾಕ್ಟರು ಬರುವುದು ವರ್ಷಕ್ಕೊಮ್ಮೆ. ಸಂಸ್ಥೆಯ ಚೀಟಿ ಇಲ್ಲದವರನ್ನು ಬಾಗಿಲೊಳಗೇ ಬಿಡುವುದಿಲ್ಲ. ಈ ಸಲ ತಪ್ಪಿದರೆ ಮುಂದಿನ ವರ್ಷದ ಮಾತು ಯಾರು ಕಂಡಿದ್ದಾರೆ?

ಚೀಟಿ ಬಂತು. ಅದರಲ್ಲಿ ‘ಪೋಲಿಯೋ ಹನಿಗಾಗಿ ತಾಯಿಯ ಜೊತೆ ಬರತಕ್ಕದ್ದು’ ಎಂದಿತ್ತು.

ಯಾರೋ ಅವಸರದಲ್ಲಿ ತಪ್ಪಿದ್ದಾರೆ, ಅಲ್ಲೇ ಹೋಗಿ ಸರಿಪಡಿಸೋಣವೆಂದು ಅತ್ತೆಯನ್ನು ಕರೆದುಕೊಂಡು ಹುನಗುಂದದ ದವಾಖಾನೆಗೆ ಹೋದೆ. ನೋಡುತ್ತೇನೆ, ನಮ್ಮ ಓಣಿಯ ಹಿರೇತನವೆಲ್ಲ ಅಲ್ಲಿ ಸಾಲುಗಟ್ಟಿದೆ! ರುಮಾಲು ಸುತ್ತಿದ ಗೌಡರು, ಕೋಲು ಊರಿದ ಮುದುಕಿಯರು, ನಡುನಡುವೆ ಬಗಲ ಕೂಸುಗಳು. ನರ್ಸಬಾಯಿಯ ಹತ್ತಿರ ಹೋಗಿ, ‘ಏನಿದು ಅನ್ಯಾಯ? ಇವರು ಸಣ್ಣ ಕೂಸ ಕಂಡಂಗ ಕಾಣ್ತಾರೇನ್ರಿ?’ ಎಂದು ಜೋರು ಮಾಡಿದೆ. ಆಕೆ ತಲೆ ಎತ್ತದೆ, ‘ಕಾಣೂದು ನನ್ ಕೆಲಸಲ್ರಿ ಅಕ್ಕೋರ, ಹಾಕೂದು ನನ್ ಕೆಲಸ. ಹೆಸರ ಬಂದೈತಿ. ಬಾಯಿ ತೆಗಿ, ಯವ್ವಾ’ ಎಂದಳು. ಅತ್ತೆ ತೆಗೆದೇಬಿಟ್ಟರು. ಎರಡು ಹನಿ ಚಪ್ಪರಿಸಿ, ಕಣ್ಣು ಪಿಳಿಪಿಳಿ ಮಾಡಿ, ‘ಇನ್ನೂ ಕಾಣವಲ್ದಲ್ಲ, ಇನ್ನೊಂದೆರಡ ಹಾಕ’ ಎಂದರು. ಹಿಂದೆ ನಿಂತ ಗೌಡರು, ‘ಲಗೂನ ಸರೀರಿ, ನಮ್ಮದೂ ಪಾಳಿ ಐತಿ’ ಎಂದು ಗೊಣಗಿದರು.

ಮರುದಿನ ಬೆಳಿಗ್ಗೆ ಅತ್ತೆಯೊಂದಿಗೆ ಬಾಗಲಕೋಟೆ ಬಸ್ಸು ಹತ್ತಿದೆ. ಯಜಮಾನರು, ‘ಆಕಿನ್ನ ಯಾಕ ಒಯ್ತಿ?’ ಎಂದರು. ‘ಪುರಾವೆ ಬ್ಯಾಡೇನ್ರಿ?’ ಎಂದೆ. ಊರೂರಿನಿಂದ ನಾವು ಬರೆದು ಕಳಿಸಿದ್ದನ್ನೆಲ್ಲ ಸಂಸ್ಥೆಯವರು ಬಾಗಲಕೋಟೆಯಲ್ಲಿ ಹೊಸದಾಗಿ ತಂದ ಕಂಪ್ಯೂಟರಿಗೆ ತುಂಬಿಸಿದ್ದರು. ಚೀಟಿ ಹೊರಟದ್ದು ಅದರ ಹೊಟ್ಟೆಯಿಂದ. ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೆ ತಂಪಿನ ಮಷೀನು, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು. ಅತ್ತೆ ಚಪ್ಪಲಿ ಬಿಟ್ಟರು, ಸೆರಗು ಹೊದ್ದರು, ತಣ್ಣಗಿನ ಗಾಳಿ ಮುಖಕ್ಕೆ ಬಡಿದದ್ದೇ ತಡ ಕೈ ಜೋಡಿಸಿ, ‘ಎಪ್ಪಾ, ನೀನs ಕಾಪಾಡು’ ಎಂದು ಹಣೆಯನ್ನು ಮೇಜಿಗೆ ಹಚ್ಚಿದರು. ಕೀ ಬೋರ್ಡಿಗೆ ಹಣೆ ತಾಗಿ ಅದು ಕುಂಯ್ ಎಂದು ಚೀರಿತು. ‘ಮಾತಾಡ್ತೈತಿ!’ ಎಂದು ಅವರಿಗೆ ಆನಂದವೋ ಆನಂದ.

ಕಂಪ್ಯೂಟರ್ ನಡೆಸುವವರು ಹುಬ್ಬಳ್ಳಿ ಕಡೆಯ ದೇಸಾಯರು. ಸಭ್ಯರು, ಟೈ ಕಟ್ಟಿದವರು. ‘ಯಾವ ಬುದ್ಧಿಗೇಡಿ ಮಾಡಿದ ಕೆಲಸರಿ ಇದು?’ ಎಂದು ನಾನು ಕೇಳಿದ್ದಕ್ಕೆ ಅವರು ಅತ್ತೆಯ ಹೆಸರು ಒತ್ತಿ ಪರದೆಯ ಮೇಲೆ ವಯಸ್ಸು ತೋರಿಸಿದರು. ಮೈನಸ್ ಐದು.

‘ವಯಸ್ಸನ್ನ ನಾ ಬರೇ ಅಕ್ಷರದಂಗ ತುಂಬಿಸಿದ್ದೆರಿ ಅಕ್ಕೋರ’ ಎಂದು ಅವರು ಬೆವರು ಒರೆಸಿಕೊಂಡರು, ಆ ತಂಪಿನಲ್ಲೂ. ‘ಆದ್ರ ಐದಕ್ಕಿಂತ ಕಡಿಮಿ ಯಾರಂತ ಕೇಳಿದ ಕೂಡಲೇ, ಇದು ನನ್ನ ಒಂದ ಮಾತೂ ಕೇಳದs ಅಕ್ಷರಾನ ಲೆಕ್ಕ ಮಾಡಿಬಿಟ್ಟೈತಿ. ಅರವತ್ತರಾಗ ಅರವತ್ತೈದು ಕಳದೈತಿ. ಐದಕ್ಕಿಂತ ಕಡಿಮಿ ಬಂತು, ಹನಿ ಕಡೆ ಕಳಿಸ್ತು. ಆದ್ರ ಇಂಥಾ ಅಡ್ಡಗೆರಿ ಎಳದವರು ಯಾರು ಅಂತೇನಿ!’

ನಾನು ಕಿಡಕಿಯಿಂದ ಹೊರಗಿನ ಬೇವಿನ ಗಿಡ ನೋಡಿದೆ. ನೆರಳು ಚೆನ್ನಾಗಿತ್ತು.

ಅತ್ತೆಗೆ ಮೈನಸ್ ಎಂದರೇನೆಂದು ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ‘ಅಂದ್ರ ನೀವು ಹುಟ್ಟಾಕ ಇನ್ನೂ ಐದ ವರ್ಷ ಐತಿ ಅಂತರಿ ಅತ್ತಿ.’ ಅವರು ಸ್ವಲ್ಪ ವಿಚಾರ ಮಾಡಿದರು. ‘ಹಂಗಾರ ನಿನ್ನ ಗಂಡ ಎಲ್ಲಿಂದ ಬಂದ?’ ದೇಸಾಯರು ಕೈ ಮುಗಿದರು. ‘ಅಜ್ಜಿ, ಒಂದs ಅಂಕಿ ಹೇಳ್ರಿ, ಈಗs ತಿದ್ದತೇನಿ’ ಎಂದು ಅವರು ಅಂಗಲಾಚಿದರು. ಅತ್ತೆ ಖಡಾಖಂಡಿತ ನಿರಾಕರಿಸಿದರು. ‘ಒಂದs ಹೆಂಗ ಹೇಳ್ಲೋ ತಮ್ಮಾ? ಸುಳ್ಳ ಆದ್ರ? ಎರಡ ಹೇಳೇನಿ, ಖರೇದ್ದು ಅದರಾಗs ಎಲ್ಲೋ ಇರ್ತೈತಿ, ಹುಡುಕ್ಕೊ. ಇಷ್ಟ ದೊಡ್ಡ ಮಷೀನ್ ಇಟ್ಟೀದಿ!’

ನನಗೆ ಸಿಟ್ಟು ನೆತ್ತಿಗೇರಿತು. ಇಳಕಲ್ಲಿನ ಶಿಬಿರಕ್ಕೆ ಉಳಿದದ್ದು ಮೂರೇ ದಿನ. ಅತ್ತೆಯೊಬ್ಬರದು ಹೇಗೋ ಆದೀತು, ಓಣಿಯ ಉಳಿದವರನ್ನೆಲ್ಲ ಹೋಗಿ ಮತ್ತೆ ವಯಸ್ಸು ಕೇಳುವವರು ಯಾರು? ಕೇಳಿದರೆ ಅವರೂ ಎರಡೇ ಹೇಳುವವರು. ‘ದೇಸಾಯರ, ನೆಟ್ಟಗ ಕುಂದರ್ರಿ’ ಎಂದೆ. ಅವರು ನೆಟ್ಟಗೆ ಕುಳಿತರು. ‘ಖರೇ ಕೂಸಿನ ವಯಸ್ಸು ಎಂದಾದ್ರೂ ಸೊನ್ನಿಗಿಂತ ಕೆಳಗ ಹೋಗತೈತೇನು?’ ‘ಇಲ್ರಿ.’ ‘ಹಂಗಾರ ಹೇಳ್ರಿ ಅದಕ್ಕ, ಇನ್ನೂ ಹುಟ್ಟದವರನ್ನೆಲ್ಲ ಕಣ್ಣಿನ ಶಿಬಿರಕ್ಕ ಕಳಸು ಅಂತ!’ ದೇಸಾಯರು ನನ್ನನ್ನೇ ಪಿಳಿಪಿಳಿ ನೋಡಿದರು. ಆಮೇಲೆ ಅದನ್ನೇ ಒತ್ತಿದರು. ಮಷೀನು ಕರಕರ ಎನ್ನುತ್ತ ಹುಟ್ಟದ ಮುದುಕ ಮುದುಕಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊಸ ಚೀಟಿಯ ಮೇಲೆ ಹೆತ್ತಿತು. ಇಪ್ಪತ್ತು-ಇಪ್ಪತ್ತೆರಡರ ಹೊಸ ಸೊಸೆಯಂದಿರೂ ಕೆಲವರು ಅದರಲ್ಲಿ ಬಂದರು. ಇರಲಿ ಬಿಡಿ, ಒಲೆಯ ಹೊಗೆಯ ಕಣ್ಣು, ತೋರಿಸಿಕೊಂಡರೆ ಕೆಟ್ಟದ್ದೇನಿಲ್ಲ.

ಇಳಕಲ್ಲಿನಲ್ಲಿ ಡಾಕ್ಟರು ಚೀಟಿ ಓದಿ, ‘ವಯಸ್ಸು ಮೈನಸ್ ಐದು?’ ಎಂದು ಹುಬ್ಬೇರಿಸಿದರು. ‘ವಯಸ್ಸು ಬಿಡ್ರಿ, ಕಣ್ಣ ನೋಡ್ರಿ’ ಎಂದೆ. ಅವರು ನೋಡಿದರು. ಆಪರೇಷನ್ ಆಯಿತು. ನನಗೆ ಅಂದು ಊಟ ಸೇರಲಿಲ್ಲ, ದೇವರಿಗೆ ಹರಕೆಯ ಮೇಲೆ ಹರಕೆ ಹೊತ್ತೆ.

ಪಟ್ಟಿ ಬಿಚ್ಚಿ, ಗಾಯ ಮಾಯ್ದು, ಕೊನೆಗೆ ಕನ್ನಡಕ ಕೊಡುವ ದಿನ ಬಂತು. ಅತ್ತೆಯ ಕಣ್ಣಿಗೆ ಮೊದಲು ಬೀಳುವವಳು ನಾನೇ ಆಗಬೇಕು, ಚೆನ್ನಾಗಿ ಕಾಣಬೇಕೆಂದು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಎದುರಿಗೆ ನಿಂತೆ. ಡಾಕ್ಟರು ದಪ್ಪ ಗಾಜಿನ ಕನ್ನಡಕ ಏರಿಸಿದರು. ಅತ್ತೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ‘ಕಂಡ್ಯವ್ವ ನನ್ ಸೊಸಿ, ಕಂಡಿ!’ ಎಂದರು. ನಾನು ಅಳುತ್ತಿದ್ದೆ, ಅವರೂ ಅಳುತ್ತಿದ್ದರು. ಕಣ್ಣೊರೆಸಲೆಂದು ನನ್ನ ಸೆರಗು ಹಿಡಿದೆಳೆದವರು ಅದನ್ನು ಕನ್ನಡಕದ ಹತ್ತಿರ ತಂದರು. ಹಿಂದೆಮುಂದೆ ಹೊರಳಿಸಿದರು. ‘ಏನವ್ವಾ, ಇದು ಗಂಗಿ ಕುಬಸಕ್ಕ ಉಡಸಬೇಕಂತ ನನ್ನ ಟ್ರಂಕಿನ ತಳದಾಗ ಇಟ್ಟಿದ್ದ ಸೀರಿ ಹೌದಲ್ಲ?’

ಗಂಗಿ ಅಂದರೆ ನನ್ನ ನಾದಿನಿ, ಕುಬಸವೆಂದರೆ ಬಸುರಿಯ ಸೀಮಂತ. ಡಾಕ್ಟರು ಸಂತೋಷದಿಂದ ‘ದೃಷ್ಟಿ ಉತ್ತಮ’ ಎಂದು ಬರೆದುಕೊಂಡರು. ನನ್ನ ಕಣ್ಣಿಗೆ ಕತ್ತಲೆ ಕವಿದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.