ಭಟ್ಟರ ಮೆಸ್ಸಿಗೆ ನೀರು ಮುಟ್ಟಲಿಲ್ಲ

ಮ್ಯಾನ್‌ಹ್ಯಾಟನ್ ಹತ್ತಿರದ ಹಿಕ್ಸ್‌ವಿಲ್‌ನಲ್ಲಿರುವ ಮಗಳ ಮನೆಗೆ ಬಂದು ಎಷ್ಟೋ ವರ್ಷ ಆಯಿತು. ಆದರೂ ವಾರಕ್ಕೊಂದು ಸಲ ಮರಳುಗಾಡಿನ ಗಲಾಟೆ ಒಂದು ಇಲ್ಲಿ ಆಗಿಯೇ ಆಗುತ್ತದೆ. ಮೊದಲು ಬಿದ್ದು ಬಿದ್ದು ನಗುತ್ತಿದ್ದೆವು. ಈಗಲೂ ನಗುತ್ತೇವೆ, ನಕ್ಕು ಮುಗಿದ ಮೇಲೆ ಮಾತ್ರ ಒಬ್ಬೊಬ್ಬರೇ ಎದ್ದು ಒಳಗೆ ಹೋಗುತ್ತೇವೆ.

ಅದು ಗಲ್ಫಿನಲ್ಲಿ, ಮರಳಿನ ನಟ್ಟನಡುವೆ ಒಂದು ಎಣ್ಣೆ ಕಂಪೆನಿಯ ಕ್ಯಾಂಪು. ಎರಡು ಸಾಲು ತಗಡಿನ ಮನೆ, ಕೊನೆಗೊಂದು ಮೆಸ್ಸು. ಹೆಚ್ಚಿನವರು ನಮ್ಮ ಕರಾವಳಿಯವರೇ. ನಾನು ಅಣ್ಣನ ಜೊತೆ ಆರನೇ ಮನೆಯಲ್ಲಿದ್ದು ಕ್ಯಾಂಪಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಮ್ಮ ಮನೆಯವರು ನೀರಿನ ಟ್ಯಾಂಕರ್ ತರುತ್ತಿದ್ದರು. ಮದುವೆ ಆದದ್ದು ಆಮೇಲೆ. ದಿನ ಬಿಟ್ಟು ದಿನ ಟ್ಯಾಂಕರ್, ಮನೆಗೆ ಹತ್ತೇ ನಿಮಿಷ ಪೈಪು, ಅದೂ ವಾಚು ನೋಡಿ, ಚೀಟಿಯಲ್ಲಿ ಬರೆದು. ಎಣ್ಣೆ ಮುಗಿಯಿತು, ಕ್ಯಾಂಪು ಕಿತ್ತು ಹಾಕಿದರು. ಅದನ್ನು ಕಂಡವರಲ್ಲಿ ಈ ಕಡೆ ಈಗ ಉಳಿದವರು ಮೂವರು: ನಾನು, ನಮ್ಮ ಮನೆಯವರು, ಇಲ್ಲೇ ಹತ್ತಿರ ಬೆಲ್‌ರೋಸ್‌ನಲ್ಲಿರುವ ಮೆಸ್ಸಿನ ಭಟ್ಟರು.

ಅದರ ಚರಿತ್ರೆ ಬರೆದಿಡುತ್ತೇನೆ ಅಂತ ಒಂದು ನೋಟ್‌ಬುಕ್ ತಂದಿದ್ದೇನೆ. ಬರೆಯುವುದು ನಾನು, ಹೇಳಬೇಕಾದದ್ದು ನಮ್ಮ ಮನೆಯವರು. ಒಂದೊಂದು ಮನೆಯ ಸಂಗತಿಯೂ ಗೊತ್ತಿದ್ದದ್ದು ಅವರಿಗೆ ಮಾತ್ರ. ಆ ನೆನಪೇ ಈಗ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಾ ಉಂಟು. ನನಗೆ ಭಯ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಎಲ್ಲಿಯವರು?

ಮೊಮ್ಮಗಳಿಗೆ ಶಾಲೆಯಲ್ಲಿ ಅಜ್ಜ ಅಜ್ಜಿಯ ಊರಿನ ಬಗ್ಗೆ ಪ್ರಾಜೆಕ್ಟ್ ಕೊಟ್ಟರು. ನಮ್ಮ ಮನೆಯವರು ಊರು ಅಂದರೆ ಕ್ಯಾಂಪೇ ಅಂತ ಹಟ ಹಿಡಿದರು. ಅವಳು ಕಂಪ್ಯೂಟರ್‌ನಲ್ಲಿ ಮ್ಯಾಪ್ ತೆಗೆದು ಎಷ್ಟು ದೊಡ್ಡದು ಮಾಡಿದರೂ ಬರೀ ಮರಳು.

"ಅಜ್ಜಾ, ದೇರ್ ಈಸ್ ನಥಿಂಗ್ ಹಿಯರ್."

"ಸರಿ ನೋಡು ಮಗಾ, ಅಲ್ಲೇ ಭಟ್ಟರ ಮೆಸ್ಸು, ಅದರ ಬಲಕ್ಕೆ ತಿರುಗಿದರೆ ನಮ್ಮದು."

ಅವಳು ನೋಡಿದಳು. ಆಮೇಲೆ ಒಂದು ದೊಡ್ಡ ರಟ್ಟಿನ ತುಂಬ ಹಳದಿ ಬಣ್ಣ ಬಳಿದು ತೆಗೆದುಕೊಂಡು ಹೋದಳು. ಶಾಲೆಯ ಟೀಚರ್ ಹಿಂದೆ ಕಳಿಸಿದರು, ಮೇಲೊಂದು ಚೀಟಿ: ಚೆನ್ನಾಗಿದೆ, ಇನ್ನು ಊರು ಬರೆದು ಮುಗಿಸು.

ಮಳೆಗೆ ರಜೆ

ಕ್ಯಾಂಪಿಗೆ ಮಳೆ ಬರುವುದು ಎರಡು ವರ್ಷಕ್ಕೊಮ್ಮೆ. ಬಂದ ದಿನ ಸೈರನ್ ಊದಿ ರಜೆ ಕೊಡುತ್ತಿದ್ದರು. ಮ್ಯಾನೇಜರಿಂದ ಹಿಡಿದು ಎಲ್ಲರೂ ಹೊರಗೆ ನಿಂತು ನೆನೆಯುವುದು.

ಭಟ್ಟರು ಇಲ್ಲಿಗೆ ಬಂದವರು ಹಿಲ್‌ಸೈಡ್ ಅವೆನ್ಯೂದಲ್ಲಿ ಒಂದು ಹೋಟೆಲಿಗೆ ಅಡುಗೆಗೆ ಸೇರಿದರು. ಮೂರನೇ ದಿನ ಮಳೆ ಬಂತು. ಇವರು ಒಲೆ ಆರಿಸಿ, ಏಪ್ರನ್ ಬಿಚ್ಚಿಟ್ಟು, ದೋಸೆಗೆ ಕಾಯುತ್ತಿದ್ದವರನ್ನೂ "ಬನ್ನಿ ಬನ್ನಿ" ಅಂತ ಕರೆದುಕೊಂಡು ಫುಟ್‌ಪಾತಿನಲ್ಲಿ ಹೋಗಿ ನಿಂತರು. ಯಜಮಾನ ಓಡಿ ಬಂದ.

"ಎಂತ ಭಟ್ರೇ ಇದು? ಇಲ್ಲಿ ವಾರಕ್ಕೆರಡು ಸಲ ಮಳೆ ಬರ್ತದೆ."

ಭಟ್ಟರು ಒದ್ದೆ ತಲೆ ಒರೆಸಿಕೊಂಡು ಕೇಳಿದರಂತೆ: "ಹೌದಾ? ಹಾಗಾದ್ರೆ ಈ ಊರಿನವರು ಕೆಲಸ ಮಾಡುದು ಯಾವಾಗ ಮಾರಾಯ್ರೆ?"

ಕಳ್ಳ ಯಾರು?

ಈ ಭಟ್ಟರಿಗೆ ಒಂದು ಹಳೆಯ ಸಿಟ್ಟು. ಟ್ಯಾಂಕರ್ ಕೊನೆಗೆ ಹೋಗುತ್ತಿದ್ದದ್ದು ಅವರ ಮೆಸ್ಸಿಗೆ. ಅಲ್ಲಿಗೆ ಮುಟ್ಟುವಾಗ ನೀರು ಖಾಲಿ. ಅಕ್ಕಿ ತೊಳೆಯಲಿಕ್ಕೂ ಸಾಲದು. ಅನ್ನದಲ್ಲಿ ಕಲ್ಲು ಅಂತ ಬೈಗಳು ತಿಂದವರು ಮಾತ್ರ ಅವರು. ಸಾಲಿನಲ್ಲಿ ಯಾರೋ ಕದ್ದು ನೀರು ಹಿಡಿಯುತ್ತಾರೆ ಅಂತ ಅವರ ವಾದ. ಇವತ್ತಿಗೂ ಭಾನುವಾರ ನಮ್ಮಲ್ಲಿಗೆ ಬಂದರೆ ಅದೇ ರಾಮಾಯಣ.

ನನಗೂ ಹೌದು ಅನ್ನಿಸುತ್ತಿತ್ತು. "ಭಟ್ರೇ, ಕಳ್ಳ ಸಿಗಲಿ, ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೀತೇನೆ" ಅಂತ ಮಾತು ಕೊಟ್ಟಿದ್ದೆ. ನಮ್ಮ ಮನೆಯವರು ಆಗೆಲ್ಲ ಪೇಪರ್ ಓದುತ್ತಾ ಇರುತ್ತಿದ್ದರು.

ಹೋದ ಚಳಿಗಾಲದಿಂದ ಅವರು ಬೆಳಿಗ್ಗೆ ಎದ್ದು ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಲಿಕ್ಕೆ ಶುರು ಮಾಡಿದರು. ಬಾತ್‌ಟಬ್ಬು, ಕುಕ್ಕರು, ಹೂದಾನಿ, ಮಗಳ ಕಾಫಿ ಫ್ಲಾಸ್ಕು. ಮಗಳು ಟ್ರೇನಿನಲ್ಲಿ ಮ್ಯಾನ್‌ಹ್ಯಾಟನ್ ಮುಟ್ಟಿ ಫ್ಲಾಸ್ಕ್ ಬಗ್ಗಿಸಿದರೆ ತಣ್ಣೀರು. ಫೋನ್ ಮಾಡಿ ಅತ್ತಳು. ಅಪ್ಪ ಸಮಾಧಾನ ಹೇಳಿದರು: "ಹೆದರಬೇಡ, ನಾಳಿದ್ದು ಟ್ಯಾಂಕರ್ ಬರ್ತದೆ."

ಡಾಕ್ಟರ ಪ್ರಶ್ನೆ

ಹೋದ ತಿಂಗಳು ನೆನಪಿನ ಪರೀಕ್ಷೆಗೆ ಹೋದೆವು. ಭಟ್ಟರೇ ಡ್ರೈವ್ ಮಾಡಿ ಕರೆದುಕೊಂಡು ಹೋಗಿ, ಒಳಗೂ ಬಂದು ನನ್ನ ಪಕ್ಕ ಕೂತರು. ಡಾಕ್ಟರ್ ಹುಬ್ಬಳ್ಳಿ ಕಡೆಯ ಹುಡುಗಿ, ನಗುನಗುತ್ತಾ ಮಾತಾಡಿಸಿದಳು.

"ಅಂಕಲ್, ಮೂರು ಮಾತು ಹೇಳ್ತೀನಿ, ನೆನಪಿಡ್ರಿ. ಸೇಬು, ಕುರ್ಚಿ, ಕೀಲಿ."

ಐದು ನಿಮಿಷ ಬಿಟ್ಟು ಕೇಳಿದಳು. ನಮ್ಮ ಮನೆಯವರು ಯೋಚನೆ ಮಾಡಿ ಹೇಳಿದರು: "ಸೇಬು ಈ ತಿಂಗಳು ಬರಲಿಲ್ಲ. ಲಾರಿ ಮರಳಲ್ಲಿ ಹೂತು ಹೋಗಿದೆ."

ಆಮೇಲೆ ಅವಳು ನನ್ನನ್ನು ತೋರಿಸಿದಳು. "ಇವ್ರು ಯಾರ್ರಿ?"

ಆ ಒಂದು ಪ್ರಶ್ನೆ ಕೇಳದಿರಲಿ ಅಂತ ದಾರಿಯುದ್ದಕ್ಕೂ ದೇವರಿಗೆ ಹೇಳಿಕೊಂಡು ಬಂದಿದ್ದೆ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. "ಗೊತ್ತಾಗಲಿಲ್ಲ" ಅಂದರು, ಬಹಳ ಮರ್ಯಾದೆಯಿಂದ. "ಆರನೇ ಮನೆಯ ಟೀಚರ ಹಾಗೆ ಕಾಣ್ತಾರೆ."

"ಆ ಟೀಚರ್ ನಿಮಗ ಏನಾಗಬೇಕ್ರಿ?"

ಅವರು ಡಾಕ್ಟರ ಕಡೆಗೆ ಬಗ್ಗಿ ಸ್ವರ ಇಳಿಸಿದರು. "ಏನೂ ಅಲ್ಲ. ಅವರ ಮನೆಗೆ ಚೀಟಿಯಲ್ಲಿ ಹತ್ತು ನಿಮಿಷ ಅಂತ ಬರೆದು ಹದಿನೈದು ನಿಮಿಷ ಬಿಡ್ತೇನೆ. ಒಳಗೆ ಮಕ್ಕಳಿಗೆ ಮಗ್ಗಿ ಹೇಳಿಕೊಡುದು ಕೇಳ್ತದೆ. ಅದು ಮುಗಿಯುವವರೆಗೆ ಪೈಪು ತೆಗಿಲಿಕ್ಕೆ ಮನಸ್ಸು ಬರುದಿಲ್ಲ. ಭಟ್ಟರಿಗೆ ಮಾತ್ರ ಹೇಳ್ಬೇಡಿ."

ಇಷ್ಟು ವರ್ಷ ಸಂಸಾರ ಮಾಡಿಯೂ ಅವರು ನನಗೆ ಈ ಮಾತು ಹೇಳಿರಲಿಲ್ಲ. ನನಗೆ ಅಳು ತಡೆಯಲಿಕ್ಕಾಗಲಿಲ್ಲ. ಡಾಕ್ಟರ್ ಟಿಶ್ಯೂ ಡಬ್ಬಿ ಈಚೆಗೆ ತಳ್ಳಿದಳು. ಭಟ್ಟರು ಅದರಿಂದ ಒಂದು ಎಳೆದುಕೊಂಡು ಮೊದಲು ತಮ್ಮ ಕಣ್ಣು ಒರೆಸಿದರು, ಆಮೇಲೆ ಕನ್ನಡಕ ಒರೆಸಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಟೀಚರಕ್ಕಾ, ನೋಟ್‌ಬುಕ್ ತೆಗೀರಿ. ಕಳ್ಳ ಸಿಕ್ಕಿದ. ದಪ್ಪ ಅಕ್ಷರದಲ್ಲಿ ಬರೀತೇನೆ ಅಂದದ್ದು ನೀವೇ. ಕದ್ದ ನೀರಲ್ಲಿ ಮಿಂದವರ ಹೆಸರೂ ಕೆಳಗೆ ಬರೀರಿ."